ಹಂಪಿನಗರದ ಗ್ರಂಥಾಲಯ ಮತ್ತು ಬಿಟ್ಟಿ ಇಂಟರ್ನೆಟ್

2015ರ ಏಪ್ರಿಲ್‌ನ ಒಂದು ಮಧ್ಯಾಹ್ನ ವಿಜಯನಗರದ ಸೈಬರ್ ಕೆಫೆಯೊಂದರಲ್ಲಿ ಕೂತು ನಾನು ಸರ್ಕಾರಕ್ಕೆ ನನ್ನ ಬದುಕಿನ ಮೊದಲ ಮನವಿಯನ್ನು ಕಳಿಸಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದಿತ್ತು. ಸಿಇಟಿಗೆ ಓದುತ್ತೇವೆಂದು ಮನೆಯಲ್ಲಿ ಹೇಳಿ ನಾವು ಮೂವರು ಗೆಳೆಯರು ದಿನಾ ಹಂಪಿನಗರದ ನಗರ ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತಿದ್ದೆವು. ಓದಿ ಬೇಸರವಾದಾಗ ಕೆಫೆ. ಗಂಟೆಗೆ ಇಪ್ಪತ್ತು ರೂಪಾಯಿ. ಗುರುತಿನ ಚೀಟಿ ತೋರಿಸಿ, ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಹೊತ್ತು ಬರೆದು ಕೂರಬೇಕು. ಅವತ್ತು ಗೆಳೆಯನೊಬ್ಬ ಒಂದು ಜಾಲತಾಣ ತೆರೆದು, "ಇಲ್ಲಿ ಒತ್ತು, ಸಾಕು" ಎಂದ. ಇಪ್ಪತ್ತು ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಮೊದಲೇ ಬರೆದಿಟ್ಟ ಉತ್ತರಗಳು ಪರದೆಯ ಮೇಲೆ ಬಂದವು. ಕೆಳಗೆ ನನ್ನ ಹೆಸರು ಸೇರಿಸಿ ಕಳಿಸಿದೆ. ಪ್ರಶ್ನೆಗಳನ್ನೂ ಓದಲಿಲ್ಲ, ಉತ್ತರಗಳನ್ನೂ ಓದಲಿಲ್ಲ.

ಈಗ ನಾನು ಜ್ಞಾನಭಾರತಿಯಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಕಲಾಪಗಳನ್ನು ಓದುವುದು ನನ್ನ ಕೆಲಸ. ಯಾವುದೋ ತಾಲ್ಲೂಕಿನ ಪ್ರತಿನಿಧಿ ರಸ್ತೆ ಕೇಳುತ್ತಾನೆ, ಇನ್ನೊಬ್ಬ ಕೆರೆಯ ಹೂಳು ತೆಗೆಸಿ ಎನ್ನುತ್ತಾನೆ, ಮತ್ತೊಬ್ಬನಿಗೆ ಶಾಲೆ ಬೇಕು. ಪ್ರತಿ ಮನವಿಗೂ ನಾನು ಎರಡು ಪ್ರಶ್ನೆ ಹಾಕಬೇಕು: ಇದನ್ನು ಬರೆದವರು ಯಾರು? ಬರೆಸಿದವರು ಯಾರು? ನೂರು ವರ್ಷ ಹಳೆಯ ಕಾಗದಗಳಿಗೆ ಈ ಪ್ರಶ್ನೆ ಕೇಳುತ್ತಾ ಕೇಳುತ್ತಾ ಒಂದು ದಿನ ನನ್ನದೇ ಮನವಿ ನೆನಪಾಯಿತು. ಅದಕ್ಕೆ ಈ ಎರಡು ಪ್ರಶ್ನೆಗಳನ್ನು ಹಾಕಿದರೆ ಏನು ಉತ್ತರ ಬರುತ್ತದೆ?

*

ನಡೆದದ್ದು ಇಷ್ಟು. 2015ರ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 118 ಪುಟಗಳ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ವಾಟ್ಸಾಪ್, ಸ್ಕೈಪ್‌ನಂಥವು ಟೆಲಿಫೋನ್ ಕಂಪನಿಗಳ ತಂತಿಯ ಮೇಲೆ ಓಡಾಡುತ್ತಾ ಅವುಗಳದೇ ಆದಾಯ ತಿನ್ನುತ್ತಿವೆ, ಇವುಗಳಿಗೂ ಲೈಸೆನ್ಸ್ ಬೇಕೇ, ಇವುಗಳಿಗೆ ಬೇರೆ ದರ ಹಾಕಬಹುದೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಏಪ್ರಿಲ್ 6ಕ್ಕೆ ಏರ್‌ಟೆಲ್ 'ಏರ್‌ಟೆಲ್ ಝೀರೋ' ಪ್ರಕಟಿಸಿತು. ಯಾವ ಆ್ಯಪ್ ಕಂಪನಿ ಏರ್‌ಟೆಲ್‌ಗೆ ದುಡ್ಡು ಕೊಡುತ್ತದೋ ಆ ಆ್ಯಪನ್ನು ಗ್ರಾಹಕ ಬಿಟ್ಟಿಯಾಗಿ ಬಳಸಬಹುದು. ಮೊದಲು ಕೈಜೋಡಿಸಲು ಹೊರಟಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಜನರ ಸಿಟ್ಟು ಕಂಡು ಏಪ್ರಿಲ್ 14ರಂದು ಹಿಂದೆ ಸರಿಯಿತು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಟ್ರಾಯ್‌ಗೆ ಬಿದ್ದವು. ಅದರಲ್ಲಿ ನನ್ನದೂ ಒಂದು. ಏಪ್ರಿಲ್ 27ರಂದು ಟ್ರಾಯ್ ಅಷ್ಟೂ ಪತ್ರಗಳನ್ನು ಕಳಿಸಿದವರ ಇಮೇಲ್ ವಿಳಾಸ ಸಮೇತ ತನ್ನ ತಾಣದಲ್ಲಿ ಹಾಕಿಬಿಟ್ಟಿತು. ಆಗ ಹುಡುಕಿ ನೋಡಿದೆ, ನನ್ನ ಹೆಸರೂ ಇತ್ತು. ಮೇಲಿನವರದ್ದು, ಕೆಳಗಿನವರದ್ದು, ನನ್ನದು, ಎಲ್ಲ ಒಂದೇ ಒಕ್ಕಣೆ.

'ನೆಟ್ ನ್ಯೂಟ್ರಾಲಿಟಿ' ಎಂಬ ಮಾತು ಆಗ ಹೊಸದು. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಬಳಕೆಗೆ ತಂದದ್ದು. ಕನ್ನಡದಲ್ಲಿ ಇದನ್ನು 'ಅಂತರ್ಜಾಲ ತಟಸ್ಥತೆ' ಎಂದು ಬರೆದರು. ತಟಸ್ಥ ಎಂದರೆ ದಡದಲ್ಲಿ ನಿಂತವನು. ತಂತಿಯ ಒಡೆಯ ದಡದಲ್ಲಿ ನಿಲ್ಲಬೇಕು, ಹರಿಯುವ ನೀರಿನಲ್ಲಿ ಯಾರ ದೋಣಿ ಮುಂದೆ ಹೋಗಬೇಕೆಂದು ಅವನು ನಿರ್ಧರಿಸಬಾರದು. ಪದ ಚೆನ್ನಾಗಿಯೇ ಕೂತಿದೆ. ಆದರೆ ಸಮಾಲೋಚನಾ ಪತ್ರ ಕನ್ನಡದಲ್ಲಿರಲಿಲ್ಲ, ನಮ್ಮ ಉತ್ತರಗಳೂ ಕನ್ನಡದಲ್ಲಿರಲಿಲ್ಲ. ನಮ್ಮ ಬೀದಿಯ ಎಷ್ಟೋ ಜನ ಈ ಜಗಳದ ದಡದಲ್ಲೇ ಉಳಿದರು.

ಪದ ಹೊಸದಾದರೂ ಜಗಳ ಹೊಸದಲ್ಲ. ನಾನು ದಿನಾ ಓಡಾಡುವ ಕೆಂಗೇರಿಯ ಮೂಲಕ ಹೋಗುವ ಬೆಂಗಳೂರು–ಮೈಸೂರು ರೈಲು ದಾರಿ 1870ರ ದಶಕದ ಕೊನೆಯ ಭೀಕರ ಬರಗಾಲದ ಹೊತ್ತಿಗೆ ಕೈಗೆತ್ತಿಕೊಂಡದ್ದು. 1882ರಲ್ಲಿ ಮೈಸೂರು ಮುಟ್ಟಿತು. ರೈಲು ಬಂದ ಕಡೆಯೆಲ್ಲ ವ್ಯಾಪಾರಿಗಳಿಗೆ ಒಂದು ಭಯ. ರೈಲಿನವರು ದೊಡ್ಡ ಸಾಹುಕಾರನ ಮೂಟೆಗೆ ಕಡಿಮೆ ದರ ಹಾಕಿ, ನಮ್ಮ ಮೂಟೆಯನ್ನು ಗೂಡ್ಸ್ ಷೆಡ್ಡಿನಲ್ಲೇ ಕೊಳೆಹಾಕಿದರೆ? 1890ರ ಭಾರತೀಯ ರೈಲ್ವೆ ಕಾಯ್ದೆಯ 42ನೇ ಕಲಂ ಇದಕ್ಕೆ ಉತ್ತರ ಕೊಟ್ಟಿತು. ಯಾವುದೇ ವ್ಯಕ್ತಿಗಾಗಲಿ, ಯಾವುದೇ ಬಗೆಯ ಸಾಗಾಣಿಕೆಗಾಗಲಿ ಅನುಚಿತ ಪಕ್ಷಪಾತ ತೋರಿಸುವಂತಿಲ್ಲ ಎಂದಿತು. ಅಂದಮಾತ್ರಕ್ಕೆ ಎಲ್ಲ ಸರಕಿಗೂ ಒಂದೇ ದರ ಇರಲಿಲ್ಲ. ಕಲ್ಲಿದ್ದಲಿಗೊಂದು, ಬಟ್ಟೆಗೊಂದು ದರ ಇತ್ತು. ದರದಲ್ಲಿ ವ್ಯತ್ಯಾಸ ಎಲ್ಲಿಯವರೆಗೆ ನ್ಯಾಯ, ಎಲ್ಲಿಂದಾಚೆಗೆ ಪಕ್ಷಪಾತ ಎಂಬ ತಕರಾರು ರೈಲಿನಷ್ಟೇ ಹಳೆಯದು. ಹಳಿಯ ಒಡೆಯನೂ ಅಂಗಡಿಯ ಪಾಲುದಾರನೂ ಒಬ್ಬನೇ ಆದಾಗ ಅದು ಹೆಚ್ಚು ಬಿಸಿಯಾಗುತ್ತದೆ.

ಇಂಟರ್ನೆಟ್ಟಿನಲ್ಲೂ ಮೊದಲ ದಿನದಿಂದಲೇ ಮೇಲು ಕೆಳಗು ಇತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ವಿದ್ಯಾರ್ಥಿಗಳಿಗೆ ಅಗ್ಗದ 'ಶೆಲ್' ಖಾತೆ ಇತ್ತು, ಅದರಲ್ಲಿ ಬರೀ ಅಕ್ಷರ. ಚಿತ್ರ ಸಮೇತ ವೆಬ್ ನೋಡಬೇಕಿದ್ದರೆ ಹಲವು ಪಟ್ಟು ದುಬಾರಿಯ ಇನ್ನೊಂದು ಖಾತೆ. ಆದರೂ ಅಲ್ಲಿ ಒಂದು ನ್ಯಾಯವಿತ್ತು. ಬಡ ವಿದ್ಯಾರ್ಥಿಗೆ ಚಿತ್ರ ಕಾಣುತ್ತಿರಲಿಲ್ಲ ನಿಜ, ಆದರೆ ಯಾವ ತಾಣದ ಅಕ್ಷರ ಓದಬೇಕೆಂದು ಮಧ್ಯದಲ್ಲಿ ನಿಂತು ಯಾರೂ ಆರಿಸಿ ಕೊಡುತ್ತಿರಲಿಲ್ಲ.

*

ಆರಿಸಿ ಕೊಡುವವರು ಬಂದದ್ದು 2015ರಲ್ಲಿ. ಫೇಸ್‌ಬುಕ್ ಫೆಬ್ರುವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ 'ಇಂಟರ್ನೆಟ್ ಡಾಟ್ ಆರ್ಗ್' ಶುರುಮಾಡಿತು. ಸೆಪ್ಟೆಂಬರಿನಲ್ಲಿ ಅದರ ಹೆಸರು 'ಫ್ರೀ ಬೇಸಿಕ್ಸ್' ಆಯಿತು. ಹವಾಮಾನ, ಆರೋಗ್ಯ, ಉದ್ಯೋಗ, ಸುದ್ದಿ, ಜೊತೆಗೆ ಫೇಸ್‌ಬುಕ್: ಹೀಗೆ ಪಟ್ಟಿಯಲ್ಲಿರುವ ತಾಣಗಳಷ್ಟನ್ನು ಬಿಟ್ಟಿಯಾಗಿ ನೋಡಬಹುದು. ಡಿಸೆಂಬರ್ 9ರಂದು ಟ್ರಾಯ್ ಎರಡನೇ ಸಮಾಲೋಚನಾ ಪತ್ರ ಹೊರಡಿಸಿ, ಡೇಟಾಕ್ಕೆ ಭೇದದ ದರ ಇರಬಹುದೇ ಎಂದು ಕೇಳಿತು. ಆಗ ಫೇಸ್‌ಬುಕ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ತನ್ನ ಬಳಕೆದಾರರಿಗೆಲ್ಲ 'ಫ್ರೀ ಬೇಸಿಕ್ಸ್ ಉಳಿಸಿ' ಎಂಬ ಸಂದೇಶ ತೋರಿಸಿ, ಒಂದು ಒತ್ತಿಗೆ ಟ್ರಾಯ್‌ಗೆ ಪತ್ರ ಹೋಗುವ ವ್ಯವಸ್ಥೆ ಮಾಡಿತು.

ಕಾಮಾಕ್ಷಿಪಾಳ್ಯದಲ್ಲಿದ್ದ ನನ್ನ ಚಿಕ್ಕಮ್ಮ ಅದನ್ನು ಒತ್ತಿದರು. ಅವರು ಮನೆಯಲ್ಲೇ ಸೀರೆಗೆ ಫಾಲ್ಸ್ ಹೊಲಿಯುವವರು. ಚಿಕ್ಕಪ್ಪನ ಹಳೆಯ ಸ್ಮಾರ್ಟ್‌ಫೋನು ಅವರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಮೊದಲ ವರ್ಷದ ಬಿ.ಎ. ಸೇರಿದ್ದ ನಾನು ಅವರಿಗೆ ದೊಡ್ಡ ಭಾಷಣ ಬಿಗಿದೆ: ಇದು ಬಲೆ, ಇದು ಮೋಸ. ಅವರು ಸೂಜಿಯಿಂದ ಕಣ್ಣೆತ್ತದೆ ಹೇಳಿದರು: "ಒಂದು ಜಿಬಿಗೆ ಇನ್ನೂರೈವತ್ತು ರೂಪಾಯಿ. ನನಗೆ ಅಷ್ಟು ದುಡ್ಡು ಬರಬೇಕಾದ್ರೆ ಎಷ್ಟು ಸೀರೆ ಆಗ್ಬೇಕು ಗೊತ್ತಾ? ಪುಗಸಟ್ಟೆ ಕೊಡ್ತೀನಿ ಅಂತಾನೆ. ಕಾಸಿರೋರು ನೀವು ಬೇಡ ಅಂದ್ರೆ, ಕಾಸಿಲ್ಲದೋರಿಗೂ ಸಿಗಬಾರದಾ?"

ನಮ್ಮ ಮನೆಯಲ್ಲಿ ಕಾಸು ತುಂಬಿ ತುಳುಕುತ್ತಿರಲಿಲ್ಲ. ಆದರೂ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೆಫೆಯಲ್ಲಿ ಕೂರುವಷ್ಟು ಇತ್ತು. ಅವರ ಮಾತಿಗೆ ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ.

ಅದೇ ಡಿಸೆಂಬರಿನಲ್ಲಿ ಮಾರ್ಕ್ ಝುಕರ್‌ಬರ್ಗ್ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು ಫ್ರೀ ಬೇಸಿಕ್ಸನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಲಿಸಿದರು. ಗ್ರಂಥಾಲಯದಲ್ಲಿ ಎಲ್ಲ ಪುಸ್ತಕ ಇರುವುದಿಲ್ಲ, ಆದರೂ ಅದರಿಂದ ಎಷ್ಟು ಉಪಕಾರವಿಲ್ಲ ಎಂಬುದು ಅವರ ವಾದ. ಹಂಪಿನಗರದ ಗ್ರಂಥಾಲಯದಲ್ಲೇ ಅರ್ಧ ಬೆಳೆದ ನನಗೆ ಆ ಮಾತು ನಾಟಿತು. ವಾದದಲ್ಲಿ ಸತ್ಯಾಂಶವಿದೆ ಎಂದೇ ಅನ್ನಿಸಿತ್ತು.

ಬೆಂಗಳೂರಿನಿಂದಲೇ ಅದಕ್ಕೆ ಪ್ರತಿವಾದಗಳೂ ಬಂದವು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಫ್ರೀ ಬೇಸಿಕ್ಸನ್ನು ವಿರೋಧಿಸಿದರು. ಡಿಸೆಂಬರ್ ಕೊನೆಯಲ್ಲಿ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಐಐಟಿಗಳ ಅಧ್ಯಾಪಕರು ಸೇರಿ ಒಂದು ಹೇಳಿಕೆ ಕೊಟ್ಟರು. 1980ರ ದಶಕದಲ್ಲಿ ದೇಶದ ಮೊದಲ ಶೈಕ್ಷಣಿಕ ಜಾಲವಾದ 'ಎರ್ನೆಟ್' ಕಟ್ಟಿದ್ದು ಇದೇ ಸಂಸ್ಥೆಗಳು. ಇಂಟರ್ನೆಟ್ಟಿನ ಹೊಟ್ಟೆಯೊಳಗೆ ಏನಿದೆ ಎಂದು ಬಲ್ಲವರು. ಅವರು ಮೂರು ದೋಷ ತೋರಿಸಿದರು: ಯಾವುದು 'ಮೂಲಭೂತ' ಎಂದು ತೀರ್ಮಾನಿಸುವವನು ಫೇಸ್‌ಬುಕ್, ಎಲ್ಲ ತಾಣಗಳ ಮಾಹಿತಿಯೂ ಅದರ ಕಣ್ಣ ಮುಂದೆಯೇ ಹಾದು ಹೋಗುತ್ತದೆ, 'ಬಿಟ್ಟಿ' ಎಂಬುದೇ ಸುಳ್ಳು, ಖರ್ಚು ಬೇರೆ ದಾರಿಯಲ್ಲಿ ನಮ್ಮ ಮೇಲೇ ಬರುತ್ತದೆ. ಅವರ ಉದಾಹರಣೆ ಸೊಗಸಾಗಿತ್ತು. ಚಾಕೊಲೇಟ್ ಕಂಪನಿಯೊಂದು ಎಲ್ಲ ಭಾರತೀಯರಿಗೂ ಬಿಟ್ಟಿ ಆಹಾರ ಕೊಡುತ್ತೇನೆ, ಆದರೆ ಯಾವುದು ಆಹಾರ ಎಂದು ನಾನೇ ಹೇಳುತ್ತೇನೆ ಎಂದರೆ ಒಪ್ಪುತ್ತೇವೆಯೇ?

*

ಝುಕರ್‌ಬರ್ಗ್ ಅವರ ಹೋಲಿಕೆಗೆ ನನ್ನ ಉತ್ತರ ಸಿಕ್ಕಿದ್ದು ವರ್ಷಗಳ ನಂತರ, ಅದೂ ಒಂದು ತೆರಿಗೆ ರಸೀದಿಯಲ್ಲಿ. ನಮ್ಮ ಮನೆ ಮಾಲೀಕರ ಆಸ್ತಿ ತೆರಿಗೆ ಕಟ್ಟಲು ಸಹಾಯ ಮಾಡುತ್ತಿದ್ದಾಗ 'ಗ್ರಂಥಾಲಯ ಕರ' ಎಂಬ ಸಾಲು ಕಣ್ಣಿಗೆ ಬಿತ್ತು. ತೆರಿಗೆಯ ಮೇಲೆ ಶೇ. 6. ಇದರ ಬೇರು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿದೆ. ಆಗಿನ್ನೂ ಇದು ಮೈಸೂರು ರಾಜ್ಯ. ಅಂದರೆ ಹಂಪಿನಗರದಲ್ಲಿ ನಾನು ಬಿಟ್ಟಿಯಾಗಿ ಓದಿದ್ದು ಬಿಟ್ಟಿಯಲ್ಲ. ರಾಜಾಜಿನಗರದ, ಬಸವೇಶ್ವರನಗರದ ಮನೆ ಮಾಲೀಕರೆಲ್ಲ ಚೂರು ಚೂರು ಕೊಟ್ಟಿದ್ದರು; ಬಾಡಿಗೆಯ ಮೂಲಕ ನಮ್ಮಪ್ಪನೂ ಚಿಕ್ಕಪ್ಪನೂ ಕೊಟ್ಟಿದ್ದರು.

ಯಾರು ಕೊಡುತ್ತಾರೋ ಅವರಿಗೆ ಜಗಳ ಆಡುವ ಹಕ್ಕಿರುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಬಗ್ಗೆ ಕನ್ನಡದ ಲೇಖಕರು, ಪ್ರಕಾಶಕರು ಎಷ್ಟು ವರ್ಷದಿಂದ ಜಗಳ ಆಡುತ್ತಿದ್ದಾರೆ ಎಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಆಯ್ಕೆ ಸಮಿತಿ ಸರಿಯಿಲ್ಲ, ಒಳ್ಳೆಯ ಪುಸ್ತಕ ಬಿಟ್ಟುಹೋಗಿದೆ, ಹಣ ತಡವಾಗಿದೆ ಎಂಬ ದೂರುಗಳು ಪತ್ರಿಕೆಗಳಲ್ಲಿ ಬರುತ್ತವೆ, ಸಚಿವರ ಮೇಜಿಗೆ ಹೋಗುತ್ತವೆ. ಇದನ್ನು ನಾನು ಗ್ರಂಥಾಲಯದ ಅವಗುಣ ಎಂದುಕೊಂಡಿದ್ದೆ. ಈಗ ನೋಡಿದರೆ ಅದೇ ಅದರ ಗುಣ. ಕಪಾಟು ನಮ್ಮದಾದ್ದರಿಂದ ಕಪಾಟಿನ ಬಗ್ಗೆ ಜಗಳ ಸಾಧ್ಯ. ಫ್ರೀ ಬೇಸಿಕ್ಸ್‌ನ ಕಪಾಟಿಗೆ ನಿಯಮ ಮಾಡಿದ್ದು ಒಂದು ಕಂಪನಿ: ವಿಡಿಯೊ ಇರಬಾರದು, ದೊಡ್ಡ ಚಿತ್ರ ಇರಬಾರದು, ಜಾವಾಸ್ಕ್ರಿಪ್ಟ್ ಇಲ್ಲದೆಯೂ ತಾಣ ತೆರೆದುಕೊಳ್ಳಬೇಕು. ಅಗ್ಗದ ಫೋನುಗಳಲ್ಲಿ ಕನ್ನಡ ಅಕ್ಷರದ ಬದಲು ಡಬ್ಬಿಗಳ ಸಾಲು ಕಾಣುತ್ತಿದ್ದ ಕಾಲ ಅದು. ಒಬ್ಬಿಬ್ಬರು ಸಂಪಾದಕರು ರಾತ್ರಿ ಕೂತು ನಡೆಸುವ ಕನ್ನಡದ ಸಣ್ಣ ಸಾಹಿತ್ಯ ತಾಣವೊಂದು ಏರ್‌ಟೆಲ್ ಝೀರೋಗೆ ದುಡ್ಡು ಕಟ್ಟುವುದಾಗಲಿ, ಫೇಸ್‌ಬುಕ್‌ನ ನಿಯಮಕ್ಕೆ ತಕ್ಕಂತೆ ತಾಣವನ್ನು ಮತ್ತೆ ಕಟ್ಟುವುದಾಗಲಿ ಎಲ್ಲಿಯ ಮಾತು? ಚಿಕ್ಕಮ್ಮನಿಗೆ ಬಿಟ್ಟಿ ಇಂಟರ್ನೆಟ್ ಸಿಗುತ್ತಿತ್ತು. ಅದರಲ್ಲಿ ಅವರ ಭಾಷೆಯ ಬರವಣಿಗೆ ಎಷ್ಟಿರಬೇಕೆಂದು ಕೇಳಲು ಅವರಿಗೆ ಕಿಟಕಿಯೇ ಇರುತ್ತಿರಲಿಲ್ಲ.

*

2016ರ ಫೆಬ್ರುವರಿ 8ರಂದು ಟ್ರಾಯ್ ತೀರ್ಪು ಕೊಟ್ಟಿತು. ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಾಗುವಂತಿಲ್ಲ. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಜನರಿಂದ ಬಂದ ಪತ್ರಗಳ ಬಗ್ಗೆಯೂ ಟ್ರಾಯ್ ಒಂದು ಮಾತು ಹೇಳಿತ್ತು. ಫೇಸ್‌ಬುಕ್ ಮೂಲಕ ಬಂದ ಲಕ್ಷಾಂತರ ಪತ್ರಗಳು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿಲ್ಲ, ಸಮಾಲೋಚನೆಯನ್ನು ತಲೆ ಎಣಿಸುವ ಆಟ ಮಾಡಬೇಡಿ ಎಂದು ಕಂಪನಿಗೆ ಕಟುವಾಗಿ ಬರೆದಿತ್ತು. ಓದಿ ನಾವು ಖುಷಿಪಟ್ಟೆವು. ಆದರೆ ಸಂಶೋಧನಾ ವಿದ್ಯಾರ್ಥಿಯಾಗಿ ಈಗ ಪ್ರಾಮಾಣಿಕವಾಗಿ ಹೇಳಬೇಕಾದರೆ, ನನ್ನ ಏಪ್ರಿಲ್‌ನ ಒತ್ತು ಮತ್ತು ಚಿಕ್ಕಮ್ಮನ ಡಿಸೆಂಬರಿನ ಒತ್ತು ಎರಡೂ ಬೇರೆಯವರು ಬರೆದುಕೊಟ್ಟ ಮನವಿಗಳೇ. ನನ್ನದರಲ್ಲಿ ಟ್ರಾಯ್‌ನ ಪ್ರಶ್ನೆಗಳಿಗೆ ಉತ್ತರವಿತ್ತು, ಅವರದರಲ್ಲಿ ಇರಲಿಲ್ಲ. ಆದರೆ ಅವರಿಗೆ ತಮಗೇನು ಬೇಕೆಂದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆ ನಿಯಮದ ಏಟು ಒಳ್ಳೆಯವರಿಗೂ ಬಿತ್ತು. 2013ರಲ್ಲಿ ಏರ್‌ಸೆಲ್ ಗ್ರಾಹಕರಿಗೆ ವಿಕಿಪೀಡಿಯ ಬಿಟ್ಟಿಯಾಗಿ ಸಿಗುತ್ತಿತ್ತು. ಸ್ವಯಂಸೇವಕರು ಕಟ್ಟುತ್ತಿರುವ ಕನ್ನಡ ವಿಕಿಪೀಡಿಯವನ್ನು ಬಿಟ್ಟಿ ಓದುವುದರಲ್ಲಿ ಏನು ತಪ್ಪು ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಟ್ರಾಯ್‌ನ ನಿಯಮ ಒಳ್ಳೆಯ ತಾಣ, ಕೆಟ್ಟ ತಾಣ ಎಂದು ಬೇರ್ಪಡಿಸಲಿಲ್ಲ. ಬೇರ್ಪಡಿಸುವ ಅಧಿಕಾರವೇ ತಂತಿಯ ಒಡೆಯನಿಗೆ ಬೇಡ ಎಂದಿತು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ, ಆದರೂ ಸರಿ ಎಂದೇ ನನಗನ್ನಿಸುತ್ತದೆ. 2018ರ ಜುಲೈನಲ್ಲಿ ಸರ್ಕಾರ ತಟಸ್ಥತೆಯ ತತ್ವವನ್ನು ಒಪ್ಪಿತು. ತಾಣಗಳನ್ನು ತಡೆಯುವುದು, ವೇಗ ತಗ್ಗಿಸುವುದು, ಕೆಲವಕ್ಕೆ ಹೆಚ್ಚು ವೇಗ ಕೊಡುವುದು ನಿಷಿದ್ಧ ಎಂಬುದು ಲೈಸೆನ್ಸಿನ ಷರತ್ತಾಯಿತು. ಅಷ್ಟರಲ್ಲಿ ಅಮೆರಿಕ 2015ರಲ್ಲಿ ತಾನೇ ಮಾಡಿದ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕಿತ್ತುಹಾಕಿತ್ತು.

ಕಪಾಟು ಮುಕ್ತವಾಯಿತು. ಆದರೆ ಗ್ರಂಥಾಲಯಕ್ಕೆ ಹೋಗಲು ಬಸ್ ಚಾರ್ಜು? ಚಿಕ್ಕಮ್ಮ ಕೇಳಿದ್ದು ಅದನ್ನು.

ಇದಕ್ಕೆ ಉತ್ತರ ಕಾಗದದ ಮೇಲೆ ಇತ್ತು. ಬೆಂಗಳೂರಿನ ನಂದನ್ ನಿಲೇಕಣಿ ಮತ್ತು ವಿರಲ್ ಶಾ 2015ರ ಡಿಸೆಂಬರಿನಲ್ಲೇ ಒಂದು ಸಲಹೆ ಮುಂದಿಟ್ಟರು. ಆರಿಸಿದ ತಾಣಗಳನ್ನು ಬಿಟ್ಟಿ ಕೊಡುವ ಬದಲು, ಗ್ಯಾಸ್ ಸಬ್ಸಿಡಿಯ ಹಾಗೆ ಸರ್ಕಾರವೇ ಸ್ವಲ್ಪ ಡೇಟಾ ಕೊಡಲಿ, ಜನ ತಮಗೆ ಬೇಕಾದ್ದನ್ನು ನೋಡಲಿ. 2016ರ ಡಿಸೆಂಬರ್ 19ರಂದು ಟ್ರಾಯ್ ಕೂಡ ಗ್ರಾಮೀಣ ಗ್ರಾಹಕರಿಗೆ ತಿಂಗಳಿಗೆ 100 ಎಂಬಿ ಬಿಟ್ಟಿ ಡೇಟಾ ಕೊಡಬಹುದೆಂದು ಶಿಫಾರಸು ಮಾಡಿತು. ದುಡ್ಡು ಎಲ್ಲಿಂದ? ಸಾರ್ವತ್ರಿಕ ಸೇವಾ ನಿಧಿಯಿಂದ. 2002ರಿಂದ ಇರುವ ಈ ನಿಧಿಗೆ ಟೆಲಿಕಾಂ ಕಂಪನಿಗಳು ತಮ್ಮ ಲೆಕ್ಕದ ಆದಾಯದ ಶೇ. 5 ಕೊಡುತ್ತವೆ, ಅಂದರೆ ಕೊನೆಗೆ ನಮ್ಮ ರೀಚಾರ್ಜಿನಿಂದಲೇ ಹೋಗುತ್ತದೆ. ಓದುವಾಗ ನನಗೆ ರೋಮಾಂಚನವಾಯಿತು. ಇದು ಗ್ರಂಥಾಲಯ ಕರವೇ ಅಲ್ಲವೇ! ಎಲ್ಲರಿಂದ ಚೂರು ಚೂರು ಎತ್ತಿ, ಇಲ್ಲದವರಿಗೆ ಬಾಗಿಲು ತೆರೆಯುವುದು.

ಆ ಶಿಫಾರಸು ಜಾರಿಗೆ ಬರಲಿಲ್ಲ. ಏಕೆಂದರೆ 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂದಿತ್ತು. ತಿಂಗಳುಗಟ್ಟಲೆ ಬಿಟ್ಟಿ 4ಜಿ. ಆಧಾರ್ ಪ್ರತಿ ಹಿಡಿದು ರಾಜಾಜಿನಗರದ ಮಳಿಗೆಗಳ ಮುಂದೆ ನಿಂತ ಸರತಿ ಸಾಲಿನಲ್ಲಿ ನಾನೂ ಚಿಕ್ಕಮ್ಮನೂ ಇದ್ದೆವು. ಟ್ರಾಯ್ ಲೆಕ್ಕದ ಪ್ರಕಾರ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2018ಕ್ಕೆ 11.78 ರೂಪಾಯಿಗೆ ಇಳಿಯಿತು. ಬೆಲೆ ಸಮರದಲ್ಲಿ ಫ್ರೀ ಬೇಸಿಕ್ಸ್ ಕೊಟ್ಟ ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು. ಬಿಟ್ಟಿ ವಿಕಿಪೀಡಿಯ ಕೊಟ್ಟ ಏರ್‌ಸೆಲ್ ದಿವಾಳಿಯಾಯಿತು. ಅಗ್ಗದ ಇಂಟರ್ನೆಟ್ ನಮ್ಮ ಹಕ್ಕಾಗಿ ಬರಲಿಲ್ಲ, ವ್ಯಾಪಾರಿಯ ಲೆಕ್ಕಾಚಾರವಾಗಿ ಬಂತು. ಬಂದದ್ದಂತೂ ನಿಜ. ಚಿಕ್ಕಮ್ಮ ಯೂಟ್ಯೂಬ್ ನೋಡಿ ಬ್ಲೌಸ್ ಕಟಿಂಗ್ ಕಲಿತರು, ಈಗ ಅವರ ಆದಾಯ ಎರಡು ಪಟ್ಟು.

*

ವ್ಯಾಪಾರಿಯ ಲೆಕ್ಕದ ಮಿತಿ ಗೊತ್ತಾಗಿದ್ದು 2020ರಲ್ಲಿ. ಕೊರೊನಾ ಬಂದು ಶಾಲೆ ಮುಚ್ಚಿದವು. ಜೂನ್‌ನಲ್ಲಿ ರಾಜ್ಯ ಸರ್ಕಾರ ಏಳನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಎಂದಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠಗಳು ಶುರುವಾದವು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂದು, ಮೇಷ್ಟ್ರುಗಳು ಅರಳಿಕಟ್ಟೆ, ದೇವಸ್ಥಾನದ ಜಗಲಿಗಳಿಗೆ ಹೋಗಿ ಪಾಠ ಮಾಡಿದರು. ಇಡೀ ದೇಶದ ಐಟಿ ರಾಜಧಾನಿ ಎನ್ನಿಸಿಕೊಂಡ ಊರನ್ನು ಇಟ್ಟುಕೊಂಡ ರಾಜ್ಯ, ಮಕ್ಕಳ ಪಾಠಕ್ಕೆ ಅರಳಿಕಟ್ಟೆಗೆ ಹೋಯಿತು. ನನಗೆ ಇದು ನಾಚಿಕೆ ಅನ್ನಿಸಲಿಲ್ಲ, ಅರಳಿಕಟ್ಟೆಗೆ ಪಾಸ್‌ವರ್ಡ್ ಬೇಕಿಲ್ಲ.

ಚಿಕ್ಕಮ್ಮನ ಮಗ ಆಗ ಎಂಟನೇ ಕ್ಲಾಸು. ಮನೆಗೆ ಒಂದೇ ಸರಿಯಾದ ಫೋನು, ಅದು ಆಟೊ ಓಡಿಸುವ ಚಿಕ್ಕಪ್ಪನ ಜೊತೆ ಹೋಗಿಬಿಡುತ್ತಿತ್ತು. ದಿನದ ಡೇಟಾ ಇದ್ದೂ ಇಲ್ಲದ ಹಾಗೆ. ಒಂದು ಸಂಜೆ ಚಿಕ್ಕಮ್ಮ ಸುಮ್ಮನೆ ಕೇಳಿದರು: "ಅವತ್ತು ಬೇಡ ಅಂದ್ರಲ್ಲ, ನೀವೆಲ್ಲ ಸೇರಿ ಇದಕ್ಕೇನಾದ್ರೂ ಕಳಿಸಿದ್ರಾ ಪತ್ರ?"

ಕಳಿಸಿರಲಿಲ್ಲ. ತಿಂಗಳಿಗೆ 100 ಎಂಬಿಯ ಶಿಫಾರಸು ಮೂಲೆ ಸೇರಿದಾಗ ಹತ್ತು ಲಕ್ಷ ಬೇಡ, ಹತ್ತು ಸಾವಿರ ಇಮೇಲ್‌ಗಳೂ ಹೋದಂತಿಲ್ಲ. ನಮ್ಮ ಕಪಾಟಿಗೆ ಕುತ್ತು ಬಂದಾಗ ನಾವು ಎದ್ದೆವು. ಬಾಗಿಲ ಹೊರಗೆ ನಿಂತವರ ವಿಷಯಕ್ಕೆ ಏಳಲಿಲ್ಲ.

ಈಗ ಆ ನಿಧಿಗೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರು ಬದಲಾಗಿದೆ. 2021ರ ಕೊನೆಯಲ್ಲಿ, ಮತ್ತೆ 2024ರ ಜುಲೈನಲ್ಲಿ ಮೊಬೈಲ್ ದರಗಳು ಏರಿದವು. ಖಾಸಗಿ ಕಂಪನಿಗಳು ಮೂರೇ ಉಳಿದಿವೆ. 2023ರ ಜುಲೈನಲ್ಲಿ ಟ್ರಾಯ್ ವಾಟ್ಸಾಪ್‌ನಂಥ ಸೇವೆಗಳ ಬಗ್ಗೆ ಮತ್ತೊಂದು ಸಮಾಲೋಚನಾ ಪತ್ರ ಹೊರಡಿಸಿತು. ದೊಡ್ಡ ತಾಣಗಳು ನಮ್ಮ ಜಾಲದ ಖರ್ಚಿಗೆ ಪಾಲು ಕೊಡಲಿ ಎಂದು ಟೆಲಿಕಾಂ ಕಂಪನಿಗಳು ಕೇಳುತ್ತಲೇ ಇವೆ. 2015ರ ಪ್ರಶ್ನೆ ಬಟ್ಟೆ ಬದಲಿಸಿ ಬಂದಿದೆ, ಮತ್ತೆ ಬರುತ್ತದೆ.

ಹೋದ ವಾರ ಹಂಪಿನಗರದ ಗ್ರಂಥಾಲಯಕ್ಕೆ ಹೋಗಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಪಕ್ಕದಲ್ಲಿ ನೀರಿನ ಬಾಟಲಿ, ಪುಸ್ತಕದ ಮೇಲೆ ಫೋನು. ಒಬ್ಬಳು ಪಕ್ಕದವಳನ್ನು ಮೆಲ್ಲಗೆ ಕೇಳಿದಳು: "ಹಾಟ್‌ಸ್ಪಾಟ್ ಆನ್ ಮಾಡೇ, ನನ್ನದು ಖಾಲಿ." ಅವಳು ಮಾತಾಡದೆ ಫೋನು ಒತ್ತಿ, ಮತ್ತೆ ಪುಸ್ತಕಕ್ಕೆ ಬಗ್ಗಿದಳು. ನಾನು ಹೊರಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮುಂದಿನ ಸಲ ಟ್ರಾಯ್ ಏನಾದರೂ ಕೇಳಿದರೆ ಇಬ್ಬರೂ ಕೂತು, ಪ್ರಶ್ನೆಗಳನ್ನು ಓದಿ, ಕನ್ನಡದಲ್ಲೇ ಉತ್ತರ ಬರೆಯೋಣ ಎಂದೆ.

"ನಾನು ಹೇಳ್ತೀನಿ, ನೀನು ಬರ್ಕೋ," ಎಂದರು ಅವರು.